ಊರಿಗೆ ಹೊರಟಾಗ ಬೆಕ್ಕನ್ನು ಎಲ್ಲಿ ಬಿಡುವುದು? ಬೋರ್ಡಿಂಗ್ ಹುಡುಕುವುದರಿಂದ ಮನೆಗೆ ಕರೆತರುವವರೆಗೆ

"ಬೆಕ್ಕಿಗೂ ಹಾಸ್ಟೆಲ್ಲಾ?" ಅಂತ ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲೇ ನಕ್ಕಿದ್ದಳು. ಅವಳ ಮನೆಯಲ್ಲಿ ಬೆಕ್ಕು ಅಂದರೆ ಹಿತ್ತಲ ಬಾಗಿಲಿಂದ ಬಂದು, ಒಲೆ ಪಕ್ಕ ಮಲಗಿ, ಅಟ್ಟ ಹತ್ತಿ ಇಲಿ ಹಿಡಿದು, ಮನಸ್ಸು ಬಂದಾಗ ಎದ್ದು ಹೋಗುವ ಪ್ರಾಣಿ. ಮನೆಯವರು ನಾಲ್ಕು ದಿನ ಮದುವೆಗೆ ಹೋದರೆ ಪಕ್ಕದ ಮನೆಯವರು ಒಂದು ತಟ್ಟೆ ಹಾಲು ಅನ್ನ ಇಡುತ್ತಾರೆ, ಅಲ್ಲಿಗೆ ಮುಗಿಯಿತು. ಬೆಂಗಳೂರಿನ ನಾಲ್ಕನೇ ಮಹಡಿಯಲ್ಲಿ, ಬಾಲ್ಕನಿಗೆ ಬಲೆ ಕಟ್ಟಿಸಿ ಸಾಕಿರುವ ಬೆಕ್ಕಿಗೆ ಆ ಹಿತ್ತಲೂ ಇಲ್ಲ, ಅಟ್ಟವೂ ಇಲ್ಲ. ನಾವು ಬೀಗ ಹಾಕಿಕೊಂಡು ಹೋದರೆ ಅದಕ್ಕೆ ದಿಕ್ಕಿಲ್ಲ.

ಐದು ವರ್ಷದಲ್ಲಿ ನಮ್ಮ ಗುಂಡನನ್ನು ನಾಲ್ಕು ಬೋರ್ಡಿಂಗ್‌ಗಳಲ್ಲಿ ಬಿಟ್ಟಿದ್ದೇನೆ. ಬೂದು ಬಣ್ಣದ ನಾಡುಬೆಕ್ಕು, ಸಂತಾನಹರಣದ ಆಪರೇಷನ್ ಆಗಿರುವ ಗಂಡು. ನಾಲ್ಕರಲ್ಲಿ ಒಂದು ಕಡೆ ಕೈ ಸುಟ್ಟುಕೊಂಡೆ, ಆ ಕಥೆ ಮುಂದೆ ಬರುತ್ತದೆ. ಅಲ್ಲಿಂದೀಚೆಗೆ ನನ್ನ ಲೆಕ್ಕ ಎರಡೇ ಪ್ರಶ್ನೆಗೆ ಇಳಿದಿದೆ: ತಿಂತಾ? ಉಚ್ಚೆ ಮಾಡಿತಾ? ಎಸಿ ರೂಮು, ದಿನಕ್ಕೊಂದು ವಿಡಿಯೋ, ಬರ್ತ್‌ಡೇ ಕೇಕು ಎಲ್ಲ ಆಮೇಲೆ.

ಮೊದಲು ಇದನ್ನು ತೀರ್ಮಾನಿಸಿ: ಬೋರ್ಡಿಂಗ್ ಬೇಕೇ ಬೇಕಾ?

ನಾಯಿ ಮನುಷ್ಯರನ್ನು ನೆಚ್ಚಿಕೊಳ್ಳುತ್ತದೆ, ಬೆಕ್ಕು ಮನೆಯನ್ನು ನೆಚ್ಚಿಕೊಳ್ಳುತ್ತದೆ ಅನ್ನುವುದು ಹಳ್ಳಿಯವರ ಮಾತು. ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬಂದ ಬೆಕ್ಕು ಮೂರನೇ ದಿನ ಅಡುಗೆಮನೆಯಲ್ಲಿ ಕೂತಿರುತ್ತದಲ್ಲ, ಅದು ನಮ್ಮ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಜಾಗದ ಹುಚ್ಚು. ತಾನು ಕೆನ್ನೆ ಉಜ್ಜಿ ವಾಸನೆ ಹಚ್ಚಿರುವ ಗೋಡೆ, ಸೋಫಾ ಕಾಲು, ಬಾಗಿಲ ಚೌಕಟ್ಟು ಇರುವ ಕಡೆಯೇ ಅದಕ್ಕೆ ಧೈರ್ಯ. ಬೋರ್ಡಿಂಗ್‌ನಲ್ಲಿ ಆ ವಾಸನೆಗಳು ಒಂದೂ ಇರುವುದಿಲ್ಲ.

ಹಾಗಾಗಿ ಮೂರು ನಾಲ್ಕು ದಿನದ ಪ್ರಯಾಣವಾದರೆ, ಬೆಕ್ಕು ಆರೋಗ್ಯವಾಗಿದ್ದರೆ, ನಂಬಿಕಸ್ಥರೊಬ್ಬರು ದಿನಕ್ಕೆರಡು ಸಲ ಮನೆಗೇ ಬಂದು ಹೋಗುವುದು ಮೇಲು. ಪಕ್ಕದ ಫ್ಲ್ಯಾಟಿನ ಆಂಟಿ, ಕಾಲೇಜಿಗೆ ಹೋಗುವ ತಮ್ಮ, ದುಡ್ಡು ಕೊಟ್ಟು ಕರೆಸುವ ಸಿಟ್ಟರ್, ಯಾರಾದರೂ ಸರಿ. "ಎರಡು ದಿನಕ್ಕೊಮ್ಮೆ ಬರ್ತೀನಿ, ಊಟ ಜಾಸ್ತಿ ಹಾಕಿಟ್ಟಿರಿ" ಅನ್ನುವವರು ಬೇಡ. ಗಂಡುಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ. ಎರಡು ದಿನಕ್ಕೊಮ್ಮೆ ಬರುವವರ ಕಣ್ಣಿಗೆ ಅದು ಬೀಳುವಷ್ಟರಲ್ಲಿ ತಡವಾಗಿರುತ್ತದೆ.

ದಿನಾ ಔಷಧ ಬೇಕಾದ ಬೆಕ್ಕು, ವಾರಕ್ಕೂ ಮೀರಿದ ಪ್ರವಾಸ, ಮನೆಯಲ್ಲಿ ಪೇಂಟಿಂಗ್ ಅಥವಾ ರಿಪೇರಿ, ಕೀಲಿ ಕೊಡುವಷ್ಟು ನಂಬುವವರು ಹತ್ತಿರದಲ್ಲಿಲ್ಲ ಅನ್ನುವ ಪರಿಸ್ಥಿತಿಗಳಲ್ಲಿ ಬೋರ್ಡಿಂಗೇ ಸರಿ. ನಾಲ್ಕು ತಿಂಗಳೊಳಗಿನ ಮರಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಅದರ ವ್ಯಾಕ್ಸಿನ್ ಸರಣಿಯೇ ಮುಗಿದಿರುವುದಿಲ್ಲ.

ಎರಡು ತಿಂಗಳ ಮೊದಲು: ಸೂಜಿ ಮತ್ತು ಬುಕಿಂಗ್

ದಸರಾ, ದೀಪಾವಳಿ, ಕ್ರಿಸ್‌ಮಸ್ ರಜೆ, ಏಪ್ರಿಲ್-ಮೇ. ಈ ಸಮಯದಲ್ಲಿ ಒಳ್ಳೆಯ ಜಾಗಗಳು ಬೇಗ ತುಂಬುತ್ತವೆ, ಕೊನೆಗೆ ಉಳಿಯುವುದು ಯಾರಿಗೂ ಬೇಡವಾದವು. ಆದ್ದರಿಂದ ಬಸ್ ಟಿಕೆಟ್ ಬುಕ್ ಮಾಡುವ ಮೊದಲೇ ಬೆಕ್ಕಿನ ವ್ಯಾಕ್ಸಿನ್ ಪುಸ್ತಕ ತೆಗೆದು ನೋಡಿ.

ಬೇಕಾದ್ದು ಎರಡು. ವೆಟ್‌ಗಳ (ಪಶುವೈದ್ಯರ) ಬಾಯಲ್ಲಿ ಟ್ರೈಕ್ಯಾಟ್ ಎಂದೇ ಹೆಸರಾಗಿರುವ ಮೂರು ರೋಗಗಳ ವ್ಯಾಕ್ಸಿನ್ (ಪ್ಯಾನ್‌ಲ್ಯುಕೋಪೀನಿಯಾ, ಹರ್ಪಿಸ್, ಕ್ಯಾಲಿಸಿ), ಮತ್ತು ರೇಬಿಸ್. ವಯಸ್ಕ ಬೆಕ್ಕಿಗೆ ಟ್ರೈಕ್ಯಾಟ್ ಪ್ರತಿ ವರ್ಷ ಬೇಕಾ, ಮೂರು ವರ್ಷಕ್ಕೊಮ್ಮೆ ಸಾಕಾ ಅನ್ನುವ ಚರ್ಚೆ ಇದೆ. ಮನೆಯೊಳಗೇ ಇರುವ ಬೆಕ್ಕಿನ ಮಾತು ಬೇರೆ, ಬೋರ್ಡಿಂಗ್‌ಗೆ ಹೋಗುವ ಬೆಕ್ಕಿಗೆ ಶೀತ ತರುವ ಹರ್ಪಿಸ್, ಕ್ಯಾಲಿಸಿಗಳ ದೃಷ್ಟಿಯಿಂದ ವರ್ಷಕ್ಕೊಮ್ಮೆ ಹಾಕಿಸುವುದು ವಾಡಿಕೆ. ಹೊರಡಲು ಕನಿಷ್ಠ ಎರಡು ವಾರ ಇರುವಾಗಲೇ ಹಾಕಿಸಿ. ಹಿಂದಿನ ದಿನ ಸೂಜಿ ಚುಚ್ಚಿಸಿ, ಜ್ವರದಲ್ಲಿರುವ ಬೆಕ್ಕನ್ನು ಹೊಸ ಜಾಗದಲ್ಲಿ ಬಿಡುವುದು ಎರಡು ಪೆಟ್ಟು ಒಟ್ಟಿಗೆ ಕೊಟ್ಟ ಹಾಗೆ.

ಆ ಮೂರರಲ್ಲಿ ಹೆದರಬೇಕಾದ್ದು ಪ್ಯಾನ್‌ಲ್ಯುಕೋಪೀನಿಯಾಕ್ಕೆ. ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ವೈರಸ್ಸಿನ ಹತ್ತಿರದ ನೆಂಟ ಅದು. ನೆಲದಲ್ಲಿ, ಕೇಜಿನ ಸಂದಿಯಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಸಾಯದೆ ಕೂತಿರುತ್ತದೆ. ವ್ಯಾಕ್ಸಿನ್ ಪುಸ್ತಕ ಕೇಳದೆ "ಪರವಾಗಿಲ್ಲ, ಬಿಟ್ಟು ಹೋಗಿ ಸರ್" ಅನ್ನುವ ಬೋರ್ಡಿಂಗ್ ಎಷ್ಟೇ ಚೆಂದ ಇರಲಿ, ಅಲ್ಲಿಂದಲೇ ವಾಪಸ್ ಬನ್ನಿ. ನಿಮ್ಮನ್ನು ಕೇಳದವರು ಪಕ್ಕದ ಕೇಜಿನವರನ್ನೂ ಕೇಳಿರುವುದಿಲ್ಲ.

ಆಪರೇಷನ್ ಆಗದ ಗಂಡುಬೆಕ್ಕನ್ನು ಬಹಳ ಕಡೆ ಸೇರಿಸಿಕೊಳ್ಳುವುದಿಲ್ಲ. ಅದು ಗೋಡೆಗೆ ಚಿಮ್ಮಿಸುವ ಉಚ್ಚೆಯ ವಾಸನೆ ಉಳಿದ ಬೆಕ್ಕುಗಳ ನಿದ್ದೆ ಕೆಡಿಸುತ್ತದೆ, ಮಾಲೀಕರ ನಿದ್ದೆಯನ್ನೂ.

ಹೋಗಿ ನೋಡಿಬರುವ ದಿನ

ಫೋಟೋ ನೋಡಿ ಬುಕ್ ಮಾಡಬೇಡಿ. ಒಮ್ಮೆ ಬೆಕ್ಕಿಲ್ಲದೆ, ಒಬ್ಬರೇ, ಆದಷ್ಟೂ ಬೆಳಗಿನ ಹೊತ್ತು ಹೋಗಿ. "ಒಳಗೆ ಬಿಡಲ್ಲ, ಬೆಕ್ಕುಗಳಿಗೆ ಡಿಸ್ಟರ್ಬ್ ಆಗುತ್ತೆ" ಅಂದರೆ ಅದು ಅರ್ಧ ನಿಜ. ಒಳ್ಳೆಯವರು ಒಂದು ಸಮಯ ಕೊಟ್ಟು, ಚಪ್ಪಲಿ ಹೊರಗೆ ಬಿಡಿಸಿ, ಕೈ ತೊಳೆಸಿ ಕರೆದೊಯ್ಯುತ್ತಾರೆ.

ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಕೆಲಸ ಕೊಡಿ. ಅಮೋನಿಯಾ ಘಾಟು ಬಂದರೆ ಲಿಟರ್ (ಬೆಕ್ಕು ಉಚ್ಚೆ, ಕಕ್ಕ ಮಾಡಲು ಟ್ರೇಗೆ ಹಾಕುವ ಮರಳಿನಂಥದ್ದು) ತೆಗೆಯುತ್ತಿಲ್ಲ ಎಂದರ್ಥ. ಫಿನೈಲ್ ಘಾಟು ಬಂದರೆ ಅದಕ್ಕಿಂತ ಕೆಟ್ಟದ್ದು. ನಮ್ಮಲ್ಲಿ ಸ್ವಚ್ಛತೆ ಅಂದರೆ ಫಿನೈಲ್ ಅನ್ನುವ ನಂಬಿಕೆ ಗಟ್ಟಿ. ಆದರೆ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿಕೊಂಡು, ಅದನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. "ನೆಲಕ್ಕೆ ಏನು ಹಾಕ್ತೀರಿ?" ಅಂತ ಮಾಲೀಕರನ್ನಲ್ಲ, ಒರೆಸುತ್ತಿರುವವರನ್ನೇ ಕೇಳಿ. ಮೊದಲು ಸೋಪಿನಿಂದ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್‌ಗೆ 32 ಪಾಲು ನೀರು ಬೆರೆಸಿ ಹಚ್ಚಿ, 10 ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸುತ್ತೇವೆ ಅನ್ನುವ ಉತ್ತರ ಸಿಕ್ಕರೆ ಅವರಿಗೆ ಕೆಲಸ ಗೊತ್ತು. ಪ್ಯಾನ್‌ಲ್ಯುಕೋಪೀನಿಯಾ ವೈರಸ್ ಬ್ಲೀಚ್‌ಗೆ ಸಾಯುತ್ತದೆ, ಬರೀ ಪರಿಮಳಕ್ಕೆ ಸಾಯುವುದಿಲ್ಲ.

ಆಮೇಲೆ ಕಿವಿ. ನಾಯಿ ಬೊಗಳುವುದು ಎಷ್ಟು ಹತ್ತಿರದಿಂದ ಕೇಳುತ್ತದೆ? ಬೆಂಗಳೂರಿನ ಬಹಳಷ್ಟು ಬೋರ್ಡಿಂಗ್‌ಗಳು ನಾಯಿಗಾಗಿ ಶುರುವಾಗಿ, ಪಕ್ಕಕ್ಕೊಂದು ಕೋಣೆ ಬೆಕ್ಕಿಗೆ ಅಂತ ಮಾಡಿಕೊಂಡವು. ಗೋಡೆ ಒಂದೇ ಆದರೆ ಬೇಡ. ಇನ್ನೊಂದು ಅಪಾಯವೂ ಇದೆ. ನಾಯಿಯ ರಕ್ತ ಹೀರುವ ಉಣ್ಣೆಗೆ ಅಂತ ಬೆನ್ನ ಮೇಲೆ ಹಾಕುವ ಕೆಲವು ಹನಿ ಔಷಧಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ನಾಯಿಗೆ ಏನೂ ಆಗದ ಪ್ರಮಾಣ ಬೆಕ್ಕಿಗೆ ನಡುಕ, ಫಿಟ್ಸ್ ತಂದು ಕೊಂದೇಬಿಡಬಹುದು. ಚಿಗಟ ಕಂಡಿತು ಅಂತ ಕೈಗೆ ಸಿಕ್ಕ ಬಾಟಲಿ ತೆಗೆಯದವರು ಬೇಕು. "ನನ್ನನ್ನು ಕೇಳದೆ ಯಾವ ಹನಿ, ಸ್ಪ್ರೇ ಹಾಕಬೇಡಿ" ಅಂತ ಬರೆದೇ ಕೊಡಿ.

ಈಗ ಕಣ್ಣು. ಬಾಗಿಲು ಒಂದೋ ಎರಡೋ? ಬೀದಿಗೂ ಬೆಕ್ಕಿಗೂ ನಡುವೆ ಎರಡು ಬಾಗಿಲಿರಬೇಕು, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆಗೆಯಬೇಕು. ಹೊಸ ಜಾಗದಲ್ಲಿ ತಪ್ಪಿಸಿಕೊಂಡ ಬೆಕ್ಕಿಗೆ ವಾಪಸ್ ಬರಲು ವಾಸನೆಯ ದಾರಿಯೇ ಗೊತ್ತಿರುವುದಿಲ್ಲ. ಕಿಟಕಿಗೆ ಸೊಳ್ಳೆಪರದೆ ಸಾಲದು, ಉಗುರಿಗೆ ಅದು ಕಾಗದ.

ಕೇಜುಗಳನ್ನು ಹೇಗೆ ಜೋಡಿಸಿದ್ದಾರೆ ನೋಡಿ. ಬೆಕ್ಕಿನ ಶೀತ ಸೀನಿನ ಹನಿಯಲ್ಲಿ ಹಾರುತ್ತದೆ. ಇಂಗ್ಲೆಂಡಿನಲ್ಲಿ ಬೆಕ್ಕಿನ ಬೋರ್ಡಿಂಗ್‌ಗೆ ಲೈಸೆನ್ಸ್ ಕಡ್ಡಾಯ. 2018ರ ನಿಯಮಗಳ ಮಾರ್ಗಸೂಚಿಯಲ್ಲಿ ಎರಡು ಕೋಣೆಗಳ ನಡುವೆ 60 ಸೆಂಟಿಮೀಟರ್ ಅಂತರ, ಇಲ್ಲವಾದರೆ ಸೀನು ದಾಟದಂಥ ಪೂರ್ತಿ ಎತ್ತರದ ತಡೆಗೋಡೆ ಕೇಳುತ್ತಾರೆ. ಬೇರೆ ಬೇರೆ ಮನೆಯ ಬೆಕ್ಕುಗಳನ್ನು ಒಂದೇ ಕೋಣೆಗೆ ಬಿಡುವ ಹಾಗಿಲ್ಲ. ನಮ್ಮಲ್ಲಿ ಅಷ್ಟು ಕಟ್ಟುನಿಟ್ಟು ಕಾಣುವುದು ಕಷ್ಟ. ಆದರೂ ಜಾಲರಿಗೆ ಜಾಲರಿ ತಾಗಿಸಿ, ಒಂದರ ಮೇಲೊಂದು ಪೇರಿಸಿದ್ದರೆ ಬೇಡ ಅನ್ನಲು ಆ ಅಳತೆ ನಿಮಗೆ ಗೊತ್ತಿರಲಿ.

ಈಗ ಹೊಸ ಫ್ಯಾಷನ್ "ಕೇಜ್-ಫ್ರೀ". ಒಂದು ಹಾಲ್, ಹತ್ತು ಬೆಕ್ಕು, ಗೋಡೆ ತುಂಬಾ ಮೆಟ್ಟಿಲು. ವಿಡಿಯೋಗೆ ಚೆಂದ. ನನಗೆ ಮಾತ್ರ ಅದು ಹಿಡಿಸುವುದಿಲ್ಲ. ಗುರುತಿಲ್ಲದ ಹತ್ತು ಬೆಕ್ಕುಗಳು ನಾಲ್ಕು ದಿನಕ್ಕೆ ಗೆಳೆಯರಾಗುವುದಿಲ್ಲ, ಒಂದು ಯಜಮಾನ ಆಗುತ್ತದೆ, ಉಳಿದವು ಮೂಲೆ ಹಿಡಿಯುತ್ತವೆ. ಯಾವ ಬೆಕ್ಕು ತಿಂದಿತು, ಯಾವುದು ಲಿಟರ್‌ಗೆ ಹೋಯಿತು ಅಂತ ಹೇಳುವವರು ಯಾರು? ಪಾತ್ರೆ ಖಾಲಿಯಾಗಿದ್ದರೆ ಎಲ್ಲರೂ ತಿಂದ ಲೆಕ್ಕ.

ಸಾಧಾರಣ ದೊಡ್ಡ ಕೇಜು, ಅದರೊಳಗೆ ಹತ್ತಿ ಕೂರಲು ಒಂದು ಹಲಗೆ, ಊಟ ಒಂದು ತುದಿಗೆ, ಲಿಟರ್ ಇನ್ನೊಂದು ತುದಿಗೆ, ಮತ್ತು ಬಚ್ಚಿಟ್ಟುಕೊಳ್ಳಲು ಒಂದು ಪೆಟ್ಟಿಗೆ. ಈ ಪೆಟ್ಟಿಗೆಯನ್ನು ಅಲಂಕಾರ ಅಂದುಕೊಳ್ಳಬೇಡಿ. 2014ರಲ್ಲಿ ಪ್ರಕಟವಾದ ನೆದರ್ಲ್ಯಾಂಡ್ಸ್‌ನ ಒಂದು ಅಧ್ಯಯನದಲ್ಲಿ ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗುಪೆಟ್ಟಿಗೆ ಕೊಟ್ಟು, 9ಕ್ಕೆ ಕೊಡದೆ ನೋಡಿದರು. ಪೆಟ್ಟಿಗೆ ಸಿಕ್ಕವು ಮೊದಲ ದಿನಗಳಲ್ಲೇ ಬೇಗ ಸುಧಾರಿಸಿಕೊಂಡವು. ಅಡಗಿಕೊಳ್ಳಲು ಜಾಗವಿಲ್ಲದ ಬೆಕ್ಕು ಲಿಟರ್ ಟ್ರೇಯಲ್ಲೇ ಮಲಗುವುದನ್ನು ನಾನು ಒಂದು ಕಡೆ ಕಣ್ಣಾರೆ ಕಂಡೆ. ಕೇಜಿನ ಮೇಲೆ ಬಣ್ಣದ ಬೋರ್ಡಿನಲ್ಲಿ "ಡಿಲಕ್ಸ್" ಅಂತ ಬರೆದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ. ಒಂದು ರಟ್ಟಿನ ಡಬ್ಬಕ್ಕೆ ಎಷ್ಟು ಖರ್ಚಾಗುತ್ತಿತ್ತು?

ಮಾಲೀಕರಿಗೆ ಕೇಳಬೇಕಾದ್ದು: ರಾತ್ರಿ ಇಲ್ಲಿ ಯಾರು ಮಲಗುತ್ತಾರೆ? ತಿನ್ನದಿದ್ದರೆ ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ? ಯಾವ ವೆಟ್ ಹತ್ತಿರ ಒಯ್ಯುತ್ತೀರಿ? ಎರಡನೆಯ ಪ್ರಶ್ನೆಗೆ "24 ಗಂಟೆ" ಅನ್ನುವ ಉತ್ತರ ತಕ್ಷಣ ಬರಬೇಕು. "ಬೆಕ್ಕುಗಳು ಹಾಗೇ ಸರ್, ಮೂರು ದಿನ ತಿನ್ನಲ್ಲ, ಆಮೇಲೆ ಸರಿಹೋಗ್ತವೆ" ಅಂದರೆ ನಮಸ್ಕಾರ ಹೇಳಿ ಹೊರಡಿ.

ಪರ್ಷಿಯನ್ ಮರಿ ಮಾರುವವರು ಜೊತೆಗೆ ಬೋರ್ಡಿಂಗೂ ಮಾಡುವುದುಂಟು. ನನ್ನ ಮಟ್ಟಿಗೆ ಅದು ಬೇಡ. ಆಪರೇಷನ್ ಆಗದ ಗಂಡುಗಳ ವಾಸನೆ, ಬಾಣಂತಿ ಬೆಕ್ಕುಗಳು, ವ್ಯಾಕ್ಸಿನ್ ಮುಗಿಯದ ಮರಿಗಳು, ಇವುಗಳ ನಡುವೆ ಹೊರಗಿನ ಬೆಕ್ಕು ಬಂದರೆ ಎರಡೂ ಕಡೆಗೆ ಕೇಡು. ನಾಯಿ ತಳಿ ಬೆಳೆಸುವವರಿಗೆ 2017ರಲ್ಲಿ ಕೇಂದ್ರ ನಿಯಮ ಬಂತು, ಬೆಕ್ಕಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಇನ್‌ಸ್ಪೆಕ್ಟರೂ ನೀವೇ.

ಹಿಂದಿನ ಎರಡು ವಾರ

ಬೆಕ್ಕನ್ನು ಒಯ್ಯುವ ಕ್ಯಾರಿಯರ್ ಅನ್ನು ಕಪಾಟಿನ ಮೇಲಿನಿಂದ ಇಳಿಸಿ, ಬಾಗಿಲು ತೆಗೆದು ಹಾಲ್‌ನಲ್ಲಿಡಿ. ಒಳಗೆ ನಿಮ್ಮ ಹಳೆ ಟೀಶರ್ಟ್, ದಿನಕ್ಕೊಂದೆರಡು ತಿಂಡಿ ಚೂರು. ವೆಟ್ ಹತ್ತಿರ ಹೋಗುವ ದಿನ ಮಾತ್ರ ಕ್ಯಾರಿಯರ್ ಕಂಡರೆ ಬೆಕ್ಕು ಮಂಚದಡಿ ಸೇರದೆ ಇನ್ನೇನು ಮಾಡೀತು? ಸಾಧ್ಯವಾದರೆ ಒಂದು ರಾತ್ರಿಯ ಮಟ್ಟಿಗೆ ಬೋರ್ಡಿಂಗ್‌ನಲ್ಲಿ ಬಿಟ್ಟು ನೋಡಿ. ಆ ಒಂದು ರಾತ್ರಿ ಅದು ಬಾಯಿಗೆ ಏನಾದರೂ ಹಾಕಿಕೊಂಡರೆ ನಿಮಗೂ ಊರಿನಲ್ಲಿ ನಿದ್ದೆ.

ತೂಕ ನೋಡಿ ಬರೆದಿಡಿ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇದ್ದರೆ ಕ್ಯಾರಿಯರ್ ಸಮೇತ ತೂಗಿ, ಖಾಲಿ ಕ್ಯಾರಿಯರ್ ತೂಕ ಕಳೆಯಿರಿ. ಇದರ ಉಪಯೋಗ ವಾಪಸ್ ಬಂದ ದಿನ ತಿಳಿಯುತ್ತದೆ.

ಬೋರ್ಡಿಂಗ್ ಅಂತ ಊಟ, ಲಿಟರ್ ಬದಲಿಸಬೇಡಿ. ಮನೆಯದ್ದೇ ಕಟ್ಟಿ, ಎರಡು ಮೂರು ದಿನಕ್ಕೆ ಹೆಚ್ಚಿಗೆ ಇರಲಿ, ಬಸ್ಸು ತಪ್ಪುವುದುಂಟು. ಮಲಗುವ ಬೆಡ್‌ಶೀಟ್ ಒಗೆಯದೆ ಕೊಡಿ. ನಮ್ಮ ಮನೆಯಲ್ಲಿ ಇದಕ್ಕೊಂದು ಜಗಳವೇ ಆಗಿತ್ತು, "ಕೊಳಕು ಬಟ್ಟೆ ಕೊಟ್ಟರೆ ಅವರು ಏನಂದುಕೊಳ್ಳುತ್ತಾರೆ" ಅಂತ. ಆ ಕೊಳಕೇ ಮನೆಯ ವಾಸನೆ.

ಒಂದು ಹಾಳೆಯಲ್ಲಿ ಬರೆದು ಕೊಡಬೇಕಾದ್ದು: ಯಾವ ಊಟ, ಎಷ್ಟು ಗ್ರಾಂ, ಯಾವ ಹೊತ್ತು, ಔಷಧ, ಎಲ್ಲಿ ಮುಟ್ಟಿದರೆ ಕಚ್ಚುತ್ತದೆ, ನಿಮ್ಮ ವೆಟ್ ನಂಬರು, ನೀವು ಸಿಗದಿದ್ದರೆ ಬೆಂಗಳೂರಿನಲ್ಲೇ ಇರುವ ಒಬ್ಬರ ನಂಬರು, "ತುರ್ತಿದ್ದರೆ ಚಿಕಿತ್ಸೆ ಕೊಡಿಸಿ, ಇಷ್ಟು ರೂಪಾಯಿವರೆಗೆ ಕೇಳಬೇಕಿಲ್ಲ" ಅನ್ನುವ ಒಪ್ಪಿಗೆ, ಸಹಿ ಸಮೇತ. ಮಲೆನಾಡಿನಲ್ಲಿ ನೆಟ್‌ವರ್ಕ್ ಸಿಗದೆ ಕೂತಾಗ ಈ ಕೊನೆಯ ಸಾಲು ಜೀವ ಉಳಿಸುತ್ತದೆ. ಹಗಲಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು ಅಂತ ಬೋರ್ಡಿಂಗ್‌ನವರ ಏರಿಯಾದಲ್ಲೇ ವಿಚಾರಿಸಿಟ್ಟುಕೊಳ್ಳಿ.

ಬಿಟ್ಟು ಬರುವ ದಿನ

ಹೊರಡುವ ಎರಡು ಮೂರು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ಇರಲಿ. ಆಟೋದಲ್ಲಾದರೆ ಕ್ಯಾರಿಯರ್ ಮೇಲೊಂದು ಟವೆಲ್ ಹೊದಿಸಿ, ತೊಡೆಯ ಮೇಲೆ ಅಲ್ಲಾಡದಂತೆ ಹಿಡಿಯಿರಿ. ಕತ್ತಲಾದರೆ ಅರ್ಧ ಕೂಗು ನಿಲ್ಲುತ್ತದೆ. ತೀರಾ ಹೆದರುವ ಬೆಕ್ಕಿಗೆ ವೆಟ್ ಮಾತ್ರೆ ಬರೆದುಕೊಡುತ್ತಾರೆ, ಅದನ್ನು ಮೊದಲೇ ಒಂದು ದಿನ ಮನೆಯಲ್ಲಿ ಕೊಟ್ಟು ನೋಡಿ. ಮನುಷ್ಯರ ಮಾತ್ರೆ ಯಾವುದೂ ಬೇಡ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಬಿಟ್ಟ ಮೇಲೆ ಅರ್ಧ ಗಂಟೆ ಕೇಜಿನ ಮುಂದೆ ನಿಂತು ಮುದ್ದು ಮಾಡುವುದು ನಮ್ಮ ಸಮಾಧಾನಕ್ಕೆ. ಬೆಡ್‌ಶೀಟ್ ಹಾಸಿ, ಪೆಟ್ಟಿಗೆ ಇಟ್ಟು, ಹೊರಡಿ.

ನೀವು ಊರಿನಲ್ಲಿರುವಾಗ

ಈಗ ಆ ಕಥೆ. ದಸರಾ ರಜೆ, ಐದು ದಿನ. ದಿನವೂ ತಪ್ಪದೆ ಫೋಟೋ ಬರುತ್ತಿತ್ತು, ಕೆಳಗೆ "ಗುಂಡ ಆರಾಮಾಗಿದ್ದಾನೆ ಸರ್" ಅನ್ನುವ ಸಾಲು, ಎರಡು ಹೃದಯ. ನಾವು ಮನೆಮಂದಿಯೆಲ್ಲ ಅವನ ಮುಖ ನೋಡಿ ಖುಷಿಪಟ್ಟೆವು. ಮುಖದ ಪಕ್ಕ ಇದ್ದ ನೀಲಿ ಬಟ್ಟಲನ್ನು ಯಾರೂ ನೋಡಲಿಲ್ಲ. ವಾಪಸ್ ಬಂದ ಮೇಲೆ ಫೋಟೋಗಳನ್ನು ಒಂದರ ಪಕ್ಕ ಒಂದು ಇಟ್ಟೆ. ಮೊದಲ ದಿನ ಬಟ್ಟಲಲ್ಲಿ ಗುಪ್ಪೆ. ಎರಡನೇ ದಿನ ಅದೇ ಗುಪ್ಪೆ. ನಾಲ್ಕನೇ ದಿನವೂ ಅಂಚಿನಿಂದ ಹೊರಗೆ ಬಿದ್ದ ಅದೇ ಒಂದು ಕಾಳು, ಅದೇ ಜಾಗದಲ್ಲಿ.

5.1 ಕಿಲೋ ಇದ್ದವನು 4.5ಕ್ಕೆ ಇಳಿದಿದ್ದ. ಕಿವಿಯ ಒಳಭಾಗ ಅರಿಶಿನ ಸವರಿದ ಹಾಗೆ. ಬೆಕ್ಕು, ಅದರಲ್ಲೂ ಮೈತುಂಬಿಕೊಂಡ ಬೆಕ್ಕು, ಎರಡು ಮೂರು ದಿನ ಉಪವಾಸವಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ಹರಿಯುತ್ತದೆ, ಅಷ್ಟನ್ನು ನಿಭಾಯಿಸಲಾಗದೆ ಯಕೃತ್ತು ಕೈಚೆಲ್ಲುತ್ತದೆ. ಡ್ರಿಪ್ಪು, ಸಿರಿಂಜಿನಲ್ಲಿ ಗಂಟೆಗಂಟೆಗೆ ಊಟ, ಎರಡೂವರೆ ವಾರ. ಉಳಿದ. ಫೋಟೋ ಕಳಿಸುತ್ತಿದ್ದ ಬೋರ್ಡಿಂಗಿನ ಹುಡುಗ ಸುಳ್ಳು ಹೇಳಿರಲಿಲ್ಲ, ಸುಮ್ಮನೆ ಕೂತ ಬೆಕ್ಕು ಆರಾಮಾಗಿದೆ ಅಂತಲೇ ಅವನು ತಿಳಿದಿದ್ದ.

ಅದಕ್ಕೇ ಈಗ ನಾನು ಮುಖದ ಫೋಟೋ ಕೇಳುವುದಿಲ್ಲ. ಬೆಳಗ್ಗೆ ಊಟ ಹಾಕುವ ಮೊದಲು ಬಟ್ಟಲಿನ ಫೋಟೋ, ಲಿಟರ್ ತೆಗೆಯುವ ಮೊದಲು ಟ್ರೇ ಫೋಟೋ. ಮೊದಲು ಕೇಳಿದಾಗ "ಉಚ್ಚೆ ಫೋಟೋ ಯಾಕೆ ಸರ್?" ಅಂತ ನಗುತ್ತಾರೆ, ಪರವಾಗಿಲ್ಲ. ಗಟ್ಟಿಯಾಗುವ ಲಿಟರ್ ಆದರೆ ದಿನಕ್ಕೆ ಎರಡು ಮೂರು ಉಂಡೆ ಕಾಣಬೇಕು. ಒಂದು ದಿನ ಪೂರ್ತಿ ತಿನ್ನದಿದ್ದರೆ ವಾಸನೆ ಜೋರಿರುವ, ನೀರಂಶದ ಮೆತ್ತನೆ ಊಟ ಬೆಚ್ಚಗೆ ಮಾಡಿ ಕೊಡಲು ಹೇಳಿ, ಕೇಜಿಗೆ ಅರ್ಧ ಪರದೆ ಕಟ್ಟಿಸಿ. ಆಗಲೂ ಬಾಯಿ ಮುಟ್ಟಿಸದಿದ್ದರೆ ವೆಟ್. ಗಂಡುಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿದರೂ ಹನಿ ಬಾರದಿದ್ದರೆ ನಾಳೆ ಬೆಳಗ್ಗೆ ಅನ್ನುವ ಮಾತೇ ಇಲ್ಲ, ಆ ರಾತ್ರಿಯೇ ಹೊರಡಬೇಕು.

ಮನೆಗೆ ಕರೆತಂದ ಮೇಲೆ

ಬಂದ ಕೂಡಲೇ ಮೊದಲಿನ ಹಾಗೆಯೇ ತೂಗಿ. ನೂರಿನ್ನೂರು ಗ್ರಾಂ ಕಡಿಮೆಯಾದರೆ ಗಾಬರಿ ಬೇಡ, ಹತ್ತರಲ್ಲೊಂದು ಭಾಗ ಕರಗಿದ್ದರೆ ಅದೇ ದಿನ ವೆಟ್ ಹತ್ತಿರ ಹೋಗಿ. ಆಮೇಲೆ ಅದರ ಪಾಡಿಗೆ ಬಿಡಿ. ಮನೆಯ ಮೂಲೆಮೂಲೆ ಮೂಸಿ, ಕೆನ್ನೆ ಉಜ್ಜಿ, ಮತ್ತೆ ಹಕ್ಕುಪತ್ರ ಬರೆದುಕೊಳ್ಳಲು ಅದಕ್ಕೆ ಒಂದು ದಿನ ಬೇಕು.

ಹರ್ಪಿಸ್ ವೈರಸ್ ಒಮ್ಮೆ ಮೈಗೆ ಸೇರಿದರೆ ಅಲ್ಲೇ ಮಲಗಿರುತ್ತದೆ, ಒತ್ತಡವಾದಾಗ ಏಳುತ್ತದೆ. ಆದ್ದರಿಂದ ಬಂದ ವಾರದೊಳಗೆ ಸೀನು, ಕಣ್ಣಲ್ಲಿ ನೀರು ಶುರುವಾದರೆ ಬೋರ್ಡಿಂಗ್‌ನವರ ಮೇಲೆ ಹಾರಿಬೀಳುವ ಮೊದಲು ಇದೂ ನೆನಪಿರಲಿ. ಅದೇ ಹೊತ್ತಿಗೆ ವಾಂತಿ, ಭೇದಿ, ಜ್ವರ, ಮಂಕು ಒಟ್ಟಿಗೆ ಬಂದರೆ ಕಾಯಬೇಡಿ. ವೆಟ್‌ಗೆ ತೋರಿಸಿ, ಬೋರ್ಡಿಂಗ್‌ಗೂ ಫೋನ್ ಮಾಡಿ ತಿಳಿಸಿ. ಅಲ್ಲಿ ಇನ್ನೂ ಬೆಕ್ಕುಗಳಿರುತ್ತವೆ.

ಮನೆಯಲ್ಲಿ ಎರಡನೇ ಬೆಕ್ಕಿದ್ದರೆ ಅದು ಬಂದವನನ್ನು ನೋಡಿ ಬುಸ್ ಅನ್ನಬಹುದು. ಬೆಕ್ಕು ಕಣ್ಣಿಗಿಂತ ಮೂಗನ್ನು ನಂಬುವುದು, ಬಂದವನಿಂದ ಬರುವುದು ಬೇರೆ ಜಾಗದ ವಾಸನೆ. ಒಂದು ರಾತ್ರಿ ಬೇರೆ ಕೋಣೆಯಲ್ಲಿಡಿ, ಮನೆಯಲ್ಲೇ ಇದ್ದ ಬೆಕ್ಕಿನ ಹಾಸಿಗೆ ಬಟ್ಟೆಯಿಂದ ಇದರ ಮೈ ಸವರಿ, ಬಾಗಿಲ ಎರಡು ಬದಿಗೆ ಊಟದ ತಟ್ಟೆ ಇಡಿ. ಆಮೇಲೆ ಸ್ವಲ್ಪ ಸ್ವಲ್ಪ ಬಾಗಿಲು ತೆರೆಯಿರಿ.

ಗುಂಡ ಹೋದ ಸಲ ಬಂದವನೇ ಬೀರುವಿನ ಮೇಲೆ ಹತ್ತಿ ಕೂತ. ನಾವು ಕರೆದದ್ದಕ್ಕೆ ತಿರುಗಿಯೂ ನೋಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಬಟ್ಟಲು ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು. ಎದ್ದು ಹೋಗಿ ಲೈಟ್ ಹಾಕಲಿಲ್ಲ, ಬೆಳಗ್ಗೆ ನೋಡಿದಾಗ ಬಟ್ಟಲು ಖಾಲಿ.